ಧನಶ್ರವನ ತುರಿಕೆ

ಯಜ್ಞದೀಕ್ಷೆ ತೊಟ್ಟವನು ಮೈ ತುರಿಸಿದರೆ ಉಗುರು ತಾಗಿಸುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಜಿಂಕೆಕೊಂಬಿನಿಂದಲೇ ಕೆರೆದುಕೊಳ್ಳಬೇಕು. ಶ್ರೀಮಂತ ಧನಶ್ರವ ಅಂಥ ದೀಕ್ಷೆಯಲ್ಲಿದ್ದಾಗಲೇ, ಪಾಲು ಕೇಳಿದ್ದ ಅವನ ತಮ್ಮ ಯಜ್ಞಶಾಲೆಯ ಹಿಂದೆ ಹೆಣವಾಗಿ ಸಿಕ್ಕಿದ. ಕುತ್ತಿಗೆಯಲ್ಲಿ ಕೊಂಬಿನ ತುದಿಯೊಂದು ಮುರಿದು ಕೂತಿತ್ತು.

"ಹೆಣ ಮೊದಲು ಕಂಡವನು ಇವನು. ಇವನನ್ನೇ ಕಂಬಕ್ಕೆ ಕಟ್ಟಿ ಮುಗಿಸಿ," ಎಂದು ಧನಶ್ರವ ಸೌದೆ ಹೊರುವ ಆಳಿನತ್ತ ಬೆರಳು ತೋರಿಸಿದ.

ಕೊಂದವನು ಯಾರೆಂದು ಆಳಿಗೆ ಅರ್ಥವಾಯಿತು. ಆದರೆ ದೀಕ್ಷಿತನ ಸೊಂಟ ತಡಕಿ ಕೊಂಬು ನೋಡುವ ಗಂಡಸು ಆ ಊರಲ್ಲಿ ಯಾರಿದ್ದ?

"ಆಗಲಿ ಒಡೆಯಾ. ಸಾಯೋ ಮುಂಚೆ ನಿಮ್ಮ ಆಸನಕ್ಕೆ ಹೊಸ ದರ್ಭೆ ಹಾಸಿಬಿಡ್ತೀನಿ," ಎಂದ. ಹಾಸಿದ, ಜೊತೆಗೆ ತಾಗಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ನವಿರನ್ನೂ ಉದುರಿಸಿದ.

ಧನಶ್ರವ ಕೂತ. ಒಂದು ಮಂತ್ರ ಮುಗಿಯುವಷ್ಟರಲ್ಲಿ ಅವನ ಕುಂಡೆ ನೆಲದ ಮೇಲೆ ನಿಲ್ಲದಾಯಿತು. ಕೈ ಹಿಂದಕ್ಕೆ ಹೋದದ್ದೇ ಪುರೋಹಿತರು ಗದರಿದರು: "ಉಗುರು ಬೇಡ, ಯಜಮಾನರೇ. ವ್ರತ ಕೆಡುತ್ತದೆ."

ತುರಿಕೆಯ ಭರದಲ್ಲಿ ಅವನು ಎಲ್ಲ ಮರೆತು ಕೊಂಬು ಎಳೆದು ಕೆರೆದುಕೊಂಡ. ಅದಕ್ಕೆ ತುದಿಯೇ ಇರಲಿಲ್ಲ. ಊರ ಮುಖಂಡ ಹೆಣದಿಂದ ತೆಗೆದ ಚೂರನ್ನು ತಂದು ಹಿಡಿದ, ಎರಡೂ ಕೂಡಿಕೊಂಡವು.

"ಈ ಆಳು ನನ್ನ ಆಸನ ಕೆಡಿಸಿದ್ದಾನೆ," ಎಂದು ಧನಶ್ರವ ಬಡಬಡಿಸಿದ.

"ಹೌದು ಒಡೆಯಾ," ಎಂದ ಆಳು. "ಉಗುರಲ್ಲಿ ಕೆರ್ಕೊಂಡಿದ್ರೆ ಉಳ್ಕೋತಿದ್ರಿ. ತಮ್ಮನನ್ನ ಕೊಂದಾಗ ಕೆಡದ ವ್ರತ, ಕೆರ್ಕೊಂಡ್ರೆ ಕೆಡುತ್ತೆ ಅಂತ ನಂಬಿದ್ರಲ್ಲ."