ಬಂಡೆಯ ಮೇಲಿನ ಎರಡು ಕಲ್ಲು

"ಬುದ್ಧಿ, ಇನ್ನೊಬ್ಬರು ಮಾಡಬೇಕಾದ ಕೆಲಸವನ್ನು ಅವರ ಮೇಲಿನ ಪ್ರೀತಿಗೆ ನಾವೇ ಮಾಡಿಬಿಟ್ಟರೆ ತಪ್ಪೇ?" ಎಂದು ಮರುಳಯ್ಯ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ, "ಯಾವ ಕೆಲಸ?" ಎಂದರು.

"ಯಾವುದೋ ಒಂದು, ಬುದ್ಧಿ. ಸಣ್ಣ ಕೆಲಸ."

ಅದು ನಿಜಕ್ಕೂ ಸಣ್ಣ ಕೆಲಸವೇ. ಆ ಮಠದಲ್ಲಿ ಹನ್ನೆರಡು ಮಂದಿ ಶಿಷ್ಯರು, ಹನ್ನೆರಡು ಕೋಣೆ. ಪ್ರತಿ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಹಣತೆ. ಬೆಳಗಿನ ಜಾವ ಎದ್ದವನು ತನ್ನ ಹಣತೆಯನ್ನು ತಾನೇ ಹಚ್ಚಬೇಕು. ಗುರುಗಳು ಸ್ನಾನ ಮುಗಿಸಿ ಆ ಸಾಲಿನಲ್ಲಿ ನಡೆದು ಬರುವರು. ಯಾವ ಹಣತೆ ಉರಿಯುತ್ತಿಲ್ಲವೋ ಆ ಬಾಗಿಲನ್ನು ತಟ್ಟಿ, "ಯಾಕಪ್ಪಾ, ಮೈ ಸರಿಯಿಲ್ಲವೇ?" ಎಂದು ವಿಚಾರಿಸುವರು.

ಮರುಳಯ್ಯನ ಪಕ್ಕದ ಕೋಣೆಯವನು ಶಿವನಂಜ. ಅಕ್ಕ ತೀರಿಕೊಂಡ ಸುದ್ದಿ ಬಂದಂದಿನಿಂದ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಮೂರು ದಿನವಾಗಿತ್ತು. "ಬುದ್ಧಿಯವರಿಗೆ ಹೇಳಬೇಡ, ನಾಳೆ ಎದ್ದೇಳ್ತೀನಿ" ಎಂದು ಕೈ ಹಿಡಿದು ಬೇಡಿಕೊಂಡಿದ್ದ. ಪಾಪ, ಮಲಗಲಿ ಎಂದು ಮರುಳಯ್ಯ ಮೂರು ದಿನವೂ ತನ್ನ ಹಣತೆಯ ಜೊತೆಗೆ ಅವನದನ್ನೂ ಹಚ್ಚಿದ. ಅವನ ಪಾಲಿನ ಊಟವನ್ನು ಕೋಣೆಗೆ ಒಯ್ದು, ಅವನು ಮುಟ್ಟದಿದ್ದಾಗ ಹಾಗೇ ತಂದು ಹಸುವಿಗೆ ಹಾಕಿದ. ಈ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕರೆದಾಗ ಶಿವನಂಜ ಓಗೊಡಲಿಲ್ಲ. ಈಗಲಾದರೂ ನಿದ್ದೆ ಹತ್ತಿತಲ್ಲ ಎಂದುಕೊಂಡು ಮರುಳಯ್ಯ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಬಂದಿದ್ದ. ಆದರೂ ಮನಸ್ಸಿಗೆ ಏನೋ ಚುಚ್ಚುತ್ತಿತ್ತು. ಅದಕ್ಕೇ ಈ ಪ್ರಶ್ನೆ. ಆದರೆ ಶಿವನಂಜನ ಹೆಸರನ್ನು ಅವನು ಎತ್ತಲಿಲ್ಲ.

ಗುರುಗಳೂ ಕೆದಕಲಿಲ್ಲ. "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದು ಮತ್ತೊಂದು ಚೂರು ಹತ್ತಿಯನ್ನು ತೊಡೆಯ ಮೇಲಿಟ್ಟುಕೊಂಡರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ವಯಸ್ಸು ಎಪ್ಪತ್ತು ದಾಟಿತ್ತು. ಹೆಂಡತಿ ಸತ್ತ ಮೇಲೆ ಮಗನೇ ಅವನನ್ನು ನೋಡಿಕೊಳ್ಳುತ್ತಿದ್ದ. ಮಗ ಒಳ್ಳೆಯವನು. ಅಷ್ಟು ಒಳ್ಳೆಯವನ ಜೊತೆ ಬದುಕುವುದೂ ಒಂದು ಕಷ್ಟವೇ ಅನ್ನು. ಅಪ್ಪ ಕೈ ಚಾಚುವ ಮೊದಲೇ ನೀರಿನ ಚೊಂಬು ಎದುರಿಗಿರುತ್ತಿತ್ತು. ಮೆಟ್ಟು ಹುಡುಕುವ ಮೊದಲೇ ಮೆಟ್ಟು ಕಾಲ ಬಳಿ ಬರುತ್ತಿತ್ತು. ಕುಲುಮೆಯ ಮುಂದೆ ಕೂತರೆ, ಹೊಗೆ ಕುಡಿಯಬೇಡ ಎಂದು ಮಗ ಅವನ ಕೈಯಿಂದ ಸುತ್ತಿಗೆ ಇಸಿದುಕೊಳ್ಳುತ್ತಿದ್ದ. ಐವತ್ತು ವರ್ಷ ಗಂಟೆ ಎರೆದ ಕೈ ಅದು. ಮುದುಕ ಜಗಲಿಯ ಮೇಲೆ ಕೂತು ಆ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಮಗನಿಗೆ ಅದು ಕಾಣುತ್ತಿರಲಿಲ್ಲ. ಅಪ್ಪ ಸುಖವಾಗಿದ್ದಾನೆ ಎಂದೇ ಅವನು ತಿಳಿದಿದ್ದ.

ಆ ಸೀಮೆಯ ಕಾಡಿನ ನಡುವೆ ಒಂದು ಹಾಳು ಪಟ್ಟಣವಿತ್ತು. ಹಿಂದೆ ಅಲ್ಲಿ ಕೋಟೆ, ಕೊಳ, ಕಂಚುಗಾರರ ಕೇರಿ ಎಲ್ಲ ಇದ್ದವಂತೆ. ಈಗ ಮುರಿದ ಕಂಬಗಳು, ಬೇರು ಹೊಕ್ಕ ಗೋಡೆಗಳು. ಮುದುಕನ ಹಿರಿಯರು ಅಲ್ಲಿಂದ ಬಂದವರು. ಸಾಯುವುದರೊಳಗೆ ತಮ್ಮವರ ಕುಲುಮೆ ಇದ್ದ ಜಾಗವನ್ನು ಒಂದು ಸಲ ಮುಟ್ಟಿ ಬರಬೇಕು ಎಂಬುದೊಂದೇ ಅವನಿಗೆ ಉಳಿದ ಆಸೆ. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಎರಡು ವರ್ಷ ಮಗ ಬೇಡವೆಂದೇ ಹೇಳಿದ. ಮೂರನೆಯ ವರ್ಷ ಮುದುಕ ಕೇಳುವುದನ್ನೇ ಬಿಟ್ಟ. ಆಗ ಮಗನಿಗೆ ಹೆದರಿಕೆಯಾಯಿತು. ಅಪ್ಪನನ್ನು ಹೋದ ಹಾಗೆಯೇ ಮನೆಗೆ ಕರೆತರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟು, ಒಬ್ಬ ದಾರಿಗಾರನನ್ನು ಗೊತ್ತುಮಾಡಿಕೊಂಡು ಹೊರಟ.

ದಾರಿಗಾರ ಕಾಡಿನಲ್ಲೇ ಹುಟ್ಟಿ ಬೆಳೆದವನು. ಜನರನ್ನು ಹಾಳು ಪಟ್ಟಣಕ್ಕೆ ಕರೆದೊಯ್ದು ಮತ್ತೆ ಊರು ಮುಟ್ಟಿಸುವುದು ಅವನ ವಂಶದ ಕಸುಬು. ಹೋಗುವಾಗ ಅವನು ಎಲ್ಲರಿಗಿಂತ ಮುಂದೆ. ಬರುವಾಗ ಎಲ್ಲರಿಗಿಂತ ಹಿಂದೆ; ತಂಗಿದ ಕಡೆ ಕೆಂಡ ಆರಿಸಿ, ಮಣ್ಣು ಮುಚ್ಚಿ, ಆಮೇಲೆ ಹೊರಡುವನು. ಆ ದಾರಿ ಮೂರು ಕಡೆ ಕವಲೊಡೆಯುತ್ತಿತ್ತು. ಮೂರು ಕವಲಿನಲ್ಲೂ ಆಳೆತ್ತರದ ಒಂದೊಂದು ಬಂಡೆ. ಮೊದಲನೆಯ ಬಂಡೆಯ ಬಳಿ ದಾರಿಗಾರ ನಿಂತ.

"ಒಬ್ಬೊಬ್ಬರೂ ಒಂದೊಂದು ಕಲ್ಲು ಆರಿಸಿ ಬಂಡೆ ಮೇಲೆ ಇಡಿ" ಎಂದ. "ಕಾಡಲ್ಲಿ ಇಂಥ ಬಂಡೆ ನೂರಿವೆ. ಬರುವಾಗ ನಿಮ್ಮ ಕಲ್ಲು ಸಿಕ್ಕಿದರೆ ದಾರಿ ಸರಿ ಅಂತ. ತಗೊಂಡು ಮುಂದಕ್ಕೆ ನಡೀರಿ. ಸಿಗದೇ ಹೋದರೆ ದಾರಿ ತಪ್ಪಿ ಬೇರೆ ಬಂಡೆಗೆ ಬಂದಿದ್ದೀರಿ ಅಂತ. ಅಲ್ಲೇ ಕೂತ್ಕೊಳ್ಳಿ, ಎಲ್ಲಿಗೂ ಹೋಗಬೇಡಿ, ನಾನು ಹುಡುಕಿಕೊಂಡು ಬರ್ತೀನಿ. ಹಿಂದಿನಿಂದ ಬರೋ ನನಗೆ ಕಲ್ಲು ಕಂಡರೆ ನೀವಿನ್ನೂ ದಾಟಿಲ್ಲ ಅಂತ ಗೊತ್ತಾಗುತ್ತೆ. ಒಬ್ಬರ ಕಲ್ಲನ್ನ ಇನ್ನೊಬ್ಬರು ಮುಟ್ಟಬಾರದು. ನಮ್ಮಜ್ಜನ ಕಾಲದಿಂದ ಇಷ್ಟೇ ಕಟ್ಟಳೆ."

ಮಗ ಎರಡು ಕಲ್ಲು ಹೆಕ್ಕಲು ಬಗ್ಗಿದ. ಮುದುಕ ಅವನ ಭುಜ ಹಿಡಿದು ತಡೆದ.

"ಬಿಡೋ. ಇದೊಂದಾದ್ರೂ ನಾನೇ ಮಾಡ್ತೀನಿ. ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ ಕಣಪ್ಪಾ" ಎಂದ.

ಹಳ್ಳದ ದಂಡೆಯಲ್ಲಿ ಕೂತು ಬಿಳಿಯ ಕಲ್ಲುಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ತೂಗಿದ, ಕಂಚನ್ನು ತೂಗುವ ಹಾಗೆ. ಉಗುರಿನಿಂದ ತಟ್ಟಿ ಸದ್ದು ಕೇಳಿದ. ಹದಿನೈದು ಇಪ್ಪತ್ತು ಕಲ್ಲು ಬಿಸಾಡಿ ಒಂದನ್ನು ಇಟ್ಟುಕೊಂಡ. ಬಂಡೆ ಹತ್ತಿ ಅದನ್ನು ಇಟ್ಟು, ಕೆಳಗಿಳಿದು ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ಮಗ ಬಹಳ ದಿನದಿಂದ ನೋಡಿರಲಿಲ್ಲ. ಎರಡನೆಯ ಬಂಡೆಯಲ್ಲೂ ಮೂರನೆಯದರಲ್ಲೂ ಹಾಗೆಯೇ ಆರಿಸಿದ, ಹಾಗೆಯೇ ಇಟ್ಟ.

ನಾಲ್ಕನೆಯ ದಿನ ಹಾಳು ಪಟ್ಟಣ ಮುಟ್ಟಿದರು. ಗಿಡಗಂಟಿಯ ನಡುವೆ ಮುದುಕನೇ ಕುಲುಮೆಯ ಗುಂಡಿಯನ್ನು ಹುಡುಕಿದ. ತಳದಲ್ಲಿ ಇನ್ನೂ ಕರಿಯ ಕಿಟ್ಟವಿತ್ತು. ಅದರ ಪುಡಿಯನ್ನು ಹಣೆಗೆ ಹಚ್ಚಿಕೊಂಡು ಸಂಜೆಯವರೆಗೂ ಅಲ್ಲೇ ಕೂತಿದ್ದ. "ಬಂದದ್ದಾಯಿತು. ಇನ್ನು ಮನೆಗೆ ಹೋಗೋಣ" ಎಂದ.

ಮರಳಿ ಹೊರಟ ಬೆಳಿಗ್ಗೆ ಮುದುಕನ ಬಲಮೊಣಕಾಲು ಊದಿತ್ತು. ಆದರೂ ಆ ದಿನದ ಬಂಡೆಯನ್ನು ಹತ್ತಿದ. ಎರಡು ಸಲ ಕಾಲು ಜಾರಿತು. ಮಗ ನೆರವಿಗೆ ಹೋದರೆ ಗದರಿದ. ಕೊನೆಗೆ ಬೆವರು ಒರೆಸಿಕೊಳ್ಳುತ್ತ ಇಳಿದು ಬಂದು, ಅಂಗೈ ಬಿಡಿಸಿ ತನ್ನ ಕಲ್ಲನ್ನು ತೋರಿಸಿದ. ಮಗ ಕಲ್ಲನ್ನು ನೋಡಲಿಲ್ಲ. ಮೊಣಕಾಲನ್ನೇ ನೋಡುತ್ತಿದ್ದ.

ಮರುದಿನ ಮುದುಕ ಹೇಳಿದ: "ನೀನು ಮುಂದೆ ಹೋಗಿ ತಂಗೋ ಕಡೆ ಗಂಜಿ ಕಾಯಿಸಿಟ್ಟಿರು. ಹೆಜ್ಜೆಗೊಂದು ಸಲ ತಿರುಗಿ ನೋಡ್ತಿದ್ದರೆ ನನಗೆ ನಡೆಯೋಕಾಗಲ್ಲ. ಹಿಂದೆ ದಾರಿಗಾರ ಬರ್ತಾನಲ್ಲ."

ಮಗ ಒಲ್ಲದ ಮನಸ್ಸಿನಿಂದ ಮುಂದೆ ಹೋದ. ಮಧ್ಯಾಹ್ನ ಎರಡನೆಯ ಬಂಡೆ ಬಂತು. ಹತ್ತಿ ನೋಡಿದ. ಎರಡು ಕಲ್ಲು ಪಕ್ಕಪಕ್ಕದಲ್ಲಿದ್ದವು. ತನ್ನದನ್ನು ತೆಗೆದುಕೊಂಡ. ಇಳಿಯಲು ಹೊರಟವನಿಗೆ ಅಪ್ಪನ ಮೊಣಕಾಲು ನೆನಪಾಯಿತು. ಈ ಬಂಡೆ ನಿನ್ನೆಯದಕ್ಕಿಂತ ಕಡಿದು. ಕಾಲು ಜಾರಿದರೆ ಗತಿಯೇನು? ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟಬಾರದು ಎಂದದ್ದು ನಿಜ. ಆದರೆ ಅಪ್ಪ ನನಗೆ ಇನ್ನೊಬ್ಬರೇ? ಕಲ್ಲು ಕಾಣದಿದ್ದರೆ ನಾನೇ ತೆಗೆದೆನೆಂದು ಅವನಿಗೆ ತಿಳಿಯದೇ ಇರುತ್ತದೆಯೇ? ಹೀಗೆ ಯೋಚಿಸಿ ಆ ಕಲ್ಲನ್ನೂ ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡ. ಅಪ್ಪನಿಗೆ ಒಂದು ಸಲ ಹತ್ತುವ ಕಷ್ಟ ತಪ್ಪಿತು ಎಂದು ಅವನ ಮನಸ್ಸು ಹಗುರಾಯಿತು.

ಅತ್ತ ಮುದುಕ ದಾರಿ ಬಿಟ್ಟು ಇಳಿದು, ಹಳ್ಳದ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಆ ಹೊತ್ತಿನಲ್ಲೇ ದಾರಿಗಾರ ಮೇಲಿನ ದಾರಿಯಲ್ಲಿ ಹಾದುಹೋದ. ಬಂಡೆ ಹತ್ತಿ ನೋಡಿದ. ಒಂದು ಕಲ್ಲೂ ಇಲ್ಲ. ಇಬ್ಬರೂ ದಾಟಿದ್ದಾರೆ ಎಂದುಕೊಂಡ. ಮೋಡ ಕಟ್ಟುತ್ತಿತ್ತು. ಮುಂದೆ ಹೋದವರನ್ನು ಕೂಡಿಕೊಳ್ಳಬೇಕೆಂದು ಬಿರಬಿರನೆ ನಡೆದ.

ತಂಗುವ ಕಡೆ ಮಗ ಗಂಜಿ ತಿರುವುತ್ತಿದ್ದ. ದಾರಿಗಾರ ಒಬ್ಬನೇ ಬಂದದ್ದನ್ನು ಕಂಡು, "ಅಪ್ಪ ಎಲ್ಲಿ?" ಎಂದ.

"ನಿನ್ನ ಜೊತೆ ಇಲ್ಲವಾ? ಬಂಡೆ ಮೇಲೆ ಕಲ್ಲೇ ಇರಲಿಲ್ಲವಲ್ಲ!"

ಮಗನ ಕೈ ಸೊಂಟದ ಚೀಲಕ್ಕೆ ಹೋಯಿತು. ದಾರಿಗಾರನಿಗೆ ಎಲ್ಲವೂ ಅರ್ಥವಾಯಿತು. ಇಬ್ಬರೂ ಬಂದ ದಾರಿಯಲ್ಲಿ ಓಡಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ನಡುವೆ ಒಂದು ಹೊಳೆ. ಬರುವಾಗ ಮೊಣಕಾಲುದ್ದ ಇದ್ದ ನೀರು ಈಗ ಆಳು ಮುಳುಗುವಷ್ಟು ಏರಿತ್ತು. ದಂಡೆಯ ಮೇಲೆ ನಿಂತು ಮಗ, ಅಪ್ಪಾ, ಅಪ್ಪಾ ಎಂದು ಗಂಟಲು ಹರಿಯುವಂತೆ ಕೂಗಿದ. ನೀರು ಇಳಿದದ್ದು ಬೆಳಗಾದ ಮೇಲೆ.

ಮುದುಕ ಬಂಡೆಯ ಮೇಲೆ ಕೂತಿದ್ದ. ಮೈ ತಣ್ಣಗಾಗಿತ್ತು. ಉಸಿರು ನಿಂತು ಬಹಳ ಹೊತ್ತಾಗಿತ್ತು. ಪಂಚೆಯ ಮಡಿಲ ತುಂಬ ಬಿಳಿಯ ಕಲ್ಲುಗಳು. ದಾರಿ ತಪ್ಪಿಲ್ಲ ಎಂದು ಅವನ ಕಣ್ಣು ಹೇಳಿತ್ತು, ತಪ್ಪಿದೆ ಎಂದು ಬರಿದಾದ ಬಂಡೆ ಹೇಳಿತ್ತು. ಕೋತಿಯೋ ಗಾಳಿಯೋ ಕಲ್ಲನ್ನು ಕೆಳಕ್ಕೆ ಉರುಳಿಸಿರಬಹುದು ಎಂದು ಬಂಡೆಯ ಬುಡದಲ್ಲೆಲ್ಲ ಹುಡುಕಿದ್ದ. ಸಿಕ್ಕ ಒಂದೊಂದನ್ನೂ ಮೇಲಕ್ಕೆ ತಂದು ಬೆಳಕಿಗೆ ಹಿಡಿದು ತೂಗಿ ನೋಡಿದ್ದ. ಯಾವುದೂ ಅವನದಲ್ಲ. ಒಂದು ಸಲ ಹತ್ತುವುದು ತಪ್ಪಲಿ ಎಂದು ಮಗ ತೆಗೆದ ಕಲ್ಲಿಗಾಗಿ ಆ ಕಾಲಿನಲ್ಲಿ ಅವನು ಎಷ್ಟು ಸಲ ಹತ್ತಿ ಇಳಿದನೋ, ಬಂಡೆಯ ಮೈಮೇಲಿನ ಪಾಚಿಯೆಲ್ಲ ಉಜ್ಜಿಹೋಗಿತ್ತು. ಮಗ ತೆಗೆದಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಇದೊಂದಾದರೂ ನನಗೆ ಬಿಡು ಎಂದು ಅವನು ಕೇಳಿಕೊಂಡಿದ್ದನಲ್ಲ! ಕೊನೆಗೆ, ದಾರಿ ತಪ್ಪಿದವನು ಅಲ್ಲೇ ಕೂತಿರಬೇಕು ಎಂಬ ಮಾತಿನಂತೆ ಕೂತಿದ್ದ.

ಮಗ ಚೀಲದಿಂದ ಆ ಕಲ್ಲನ್ನು ತೆಗೆದು ಅಪ್ಪನ ಅಂಗೈಯಲ್ಲಿಟ್ಟ. ಬೆರಳುಗಳು ಮಡಿಚಿಕೊಳ್ಳಲಿಲ್ಲ. ಕಲ್ಲು ಜಾರಿ ಮಡಿಲಿಗೆ ಬಿದ್ದು ಉಳಿದ ಕಲ್ಲುಗಳ ಜೊತೆ ಸೇರಿಹೋಯಿತು. ಅದನ್ನು ಮತ್ತೆ ಹುಡುಕಲು ಹೋದ ಮಗನಿಗೆ ಅಪ್ಪನ ಕಲ್ಲು ಯಾವುದೆಂದು ಗುರುತು ಹತ್ತಲಿಲ್ಲ. ಅವನು ಅದನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಅಲ್ಲೇ ಕುಸಿದು, ಮಗುವಿನ ಹಾಗೆ ಅತ್ತ.

ದಾರಿಗಾರ ಬಂಡೆಯ ಕೆಳಗೆ ಕೂತು ಹಣೆ ಹಣೆ ಬಡಿದುಕೊಂಡ. "ನಾನು ಕಲ್ಲು ನೋಡಿದೆ, ಮನುಷ್ಯನ್ನ ನೋಡಲಿಲ್ಲ" ಎಂದ. ಆ ದಿನದಿಂದ ಅವನು ಯಾರಿಗೂ ದಾರಿ ತೋರಿಸಲಿಲ್ಲ.

ಕತೆ ಮುಗಿಯುವ ಹೊತ್ತಿಗೆ ಗುರುಗಳ ಹತ್ತಿಯೂ ಮುಗಿದಿತ್ತು. ಮರುಳಯ್ಯ ಕಣ್ಣೊರೆಸಿಕೊಂಡ.

"ಮಗ ಪ್ರೀತಿಯಿಂದ ತಾನೇ ಮಾಡಿದ್ದು, ಬುದ್ಧಿ? ಹಾಗಾದರೆ ತಪ್ಪು ಯಾರದು? ಅವನದೋ, ದಾರಿಗಾರನದೋ?"

ಗುರುಗಳು ಬತ್ತಿಗಳನ್ನು ತಟ್ಟೆಯಲ್ಲಿ ಜೋಡಿಸಿ ಎದ್ದು ನಿಂತರು. ಬಿಸಿಲು ಅಂಗಳಕ್ಕೆ ಇಳಿದಿತ್ತು. ಕೋಣೆಗಳ ಸಾಲಿನಲ್ಲಿ ಹನ್ನೊಂದು ಬಾಗಿಲು ತೆರೆದಿದ್ದವು, ಒಂದು ಮುಚ್ಚಿತ್ತು. ಅವರು ಆ ಬಾಗಿಲನ್ನೇ ನೋಡುತ್ತ ಹೇಳಿದರು:

"ಈ ಬೆಳಿಗ್ಗೆಯೂ ಹನ್ನೆರಡು ಹಣತೆ ಉರಿಯುತ್ತಿದ್ದವು ಮಗೂ, ಅದಕ್ಕೇ ನಾನು ಯಾರ ಬಾಗಿಲನ್ನೂ ತಟ್ಟಲಿಲ್ಲ."