ಹತ್ತಿಯುಂಡೆ ಮತ್ತು ಸಿಗ್ನಲ್ ಪಕ್ಕದ ಎಲೆ

ವಾಹನಗಳ ಹೊಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ನಫೀಸಾ, ಸಿಗ್ನಲ್ ಪಕ್ಕದ ಹೊಂಗೆಮರದ ಎಲೆಯೊಂದನ್ನು ಬೆಳ್ಳನೆಯ ಹತ್ತಿಯುಂಡೆಯಿಂದ ಒರೆಸಿದಳು. ಒಂದೇ ಸಲಕ್ಕೆ ಹತ್ತಿ ಕಾಡಿಗೆಯಂತೆ ಕಪ್ಪಾಯಿತು.

"ಎಂಥ ಕೊಳಕು ಎಲೆ ನೀನು!" ಎಂದು ಹತ್ತಿ ಸಿಡುಕಿತು. "ಮೈ ತೊಳೆದು ಎಷ್ಟು ವರ್ಷವಾಯಿತು?"

"ಮೊನ್ನೆಯ ಮಳೆಯಲ್ಲಿ ತೊಳೆದುಕೊಂಡೆ," ಎಂದಿತು ಎಲೆ. "ಇದು ಎರಡೇ ದಿನದ್ದು."

ಹತ್ತಿ ಬೆಚ್ಚಿತು. "ಎರಡೇ ದಿನಕ್ಕೆ ಇಷ್ಟೊಂದೇ? ಇದನ್ನೆಲ್ಲ ಹೊತ್ತು ಯಾಕೆ ನಿಂತಿದ್ದೀಯೆ? ಉದುರಿಬಿಡಬಾರದೆ?"

"ಕೆಳಗೆ ನೋಡು."

ಮರದಡಿ ಜನ ಬಸ್ಸಿಗೆ ಕಾಯುತ್ತಿದ್ದರು. ಗಾರ್ಮೆಂಟ್ಸ್ ಕೆಲಸದ ಹೆಂಗಸೊಬ್ಬಳು ಕಂಕುಳ ಕೂಸಿನ ಮೂಗಿಗೆ ಸೆರಗು ಅಡ್ಡ ಹಿಡಿದಿದ್ದಳು.

"ನನ್ನ ಮೈಗೆ ಅಂಟಿದಷ್ಟು ಆ ಕೂಸಿನ ಎದೆಗೆ ಇಳಿಯುವುದಿಲ್ಲ," ಎಂದಿತು ಎಲೆ.

ಹತ್ತಿ ತಲೆಯೆತ್ತಿ ನೋಡಿತು. ಮರದ ತುಂಬ ಸಾವಿರಾರು ಎಲೆಗಳು. ಎಲ್ಲವೂ ಕಪ್ಪಾಗಿದ್ದವು, ಒಂದೂ ಮುಖ ತಿರುಗಿಸಿರಲಿಲ್ಲ.

ಹತ್ತಿ ಮೆಲ್ಲಗೆ ಕೇಳಿತು: "ಇನ್ನೊಮ್ಮೆ ಒರೆಸಲೇ?"

"ಬೇಡ, ಬೇಗ ಪಕ್ಕಕ್ಕೆ ಸರಿ. ಸಿಗ್ನಲ್ ಬಿಟ್ಟಿತು," ಎಂದ ಎಲೆ, ಆಗಷ್ಟೇ ಹಸಿರಾಗಿದ್ದ ತನ್ನ ಮುಖವನ್ನು ಮತ್ತೆ ಹೊಗೆಗೆ ಒಡ್ಡಿತು.