ಕೆಂಗೋಟಿಯ ಧಣಿಯ ಬಾಯಿ ಕಹಿಯಾದದ್ದು

ಶ್ರೀ ಮಳಿಯಪ್ಪಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಮುಂದೆ ಹಿಡಿಯುವ ಛತ್ರ ಚಾಮರಗಳಂತೂ ಇರಲೇ ಇಲ್ಲ. ಕೆಂಗೋಟಿಯಿಂದ ಸಂತೆಗೆ ಹೋಗುವ ಬಂಡಿದಾರಿಯ ಮಗ್ಗುಲಲ್ಲಿ ನಾಲ್ಕು ಗಳ ನೆಟ್ಟು, ಮೇಲೆ ಜೋಳದ ದಂಟು ಹೊದಿಸಿದ ಒಂದು ಅರವಟ್ಟಿಗೆ. ಅದರೊಳಗೆ ಮರಳಿನ ಮೇಲೆ ಕೂರಿಸಿದ ಆರು ಮಣ್ಣಿನ ಹರವಿಗಳು. ಇಷ್ಟೇ ಆ ಮಹಾತ್ಮರ ಸಂಸ್ಥಾನ. ಬಾಯಾರಿ ಬಂದವರಿಗೆ ನೀರು ಕೊಡುವುದನ್ನೇ ಪೂಜೆಯೆಂದು ತಿಳಿದು ಅವರು ಅಲ್ಲಿ ನಲವತ್ತು ವರ್ಷ ಕುಳಿತರು. ಉಪದೇಶ ಬೇಡಿ ಬಂದವರಿಗೂ ಮೊದಲು ನೀರು ಕೊಡುತ್ತಿದ್ದರು. ಕುಡಿದ ಮೇಲೆ ಎಷ್ಟೋ ಜನ ಕೇಳಬೇಕೆಂದಿದ್ದುದನ್ನು ಮರೆತು ಕೈಮುಗಿದು ಹೋಗುತ್ತಿದ್ದರಂತೆ.

ಈ ಪ್ರಸಂಗವನ್ನು ನನಗೆ ಹೇಳಿದವರು ನಮ್ಮ ಅಜ್ಜಿ, ಅಜ್ಜಿಗೆ ಹೇಳಿದವರು ಅವರ ಅತ್ತೆ. ಆ ಅತ್ತೆ ಕೆಂಗೋಟಿ ದೇಸಾಯರ ವಾಡೆಯಲ್ಲಿ ಅಡುಗೆಯವರಾಗಿದ್ದರು. ನಡೆದದ್ದನ್ನೆಲ್ಲ ಕಣ್ಣಾರೆ ಕಂಡವರು. ಬರೀ ಕಂಡವರಾಗಿದ್ದರೆ ನಾನು ಇದನ್ನು ಇನ್ನಷ್ಟು ನೆಮ್ಮದಿಯಿಂದ ಬರೆಯುತ್ತಿದ್ದೆ.

ಆಗ ಕೆಂಗೋಟಿಯ ಒಡೆತನ ಸರ್ಜಪ್ಪ ದೇಸಾಯಿಯೆಂಬ ಇಪ್ಪತ್ತೆರಡು ವರ್ಷದ ಧಣಿಯದು. ಹೆತ್ತ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು, ತಂದೆ ವರ್ಷದೊಳಗೆ ಹೋದ. ವಂಶಕ್ಕೆ ಉಳಿದ ಒಂದೇ ಕುಡಿಯನ್ನು ಅಜ್ಜಿ ಅಮ್ಮಾಸಾಹೇಬರು ಸಾಕಿದರು. ಸಾಕಿದ ರೀತಿ ಕೇಳಿ. ಊರಲ್ಲಿ ಯಾರಾದರೂ ಸತ್ತರೆ ಹೆಣವನ್ನು ವಾಡೆಯ ಮುಂದೆ ಒಯ್ಯುವಂತಿರಲಿಲ್ಲ. ಅಳುವ ದನಿ ಮೊಮ್ಮಗನ ಕಿವಿಗೆ ಬೀಳಬಾರದು. ವಾಡೆಯ ಅಡುಗೆಯಲ್ಲಿ ಹಾಗಲಕಾಯಿ ಇಲ್ಲ, ಮೆಂತ್ಯವಿಲ್ಲ. ಯುಗಾದಿಯ ದಿನ ಊರೆಲ್ಲ ಬೇವು ಬೆಲ್ಲ ತಿನ್ನುವಾಗ ಅವನ ಬೆಳ್ಳಿ ತಟ್ಟೆಯಲ್ಲಿ ಬರೀ ಬೆಲ್ಲ. ಕಹಿಯನ್ನು ಆಳುಗಳು ತಿಂದರಾಯಿತು ಎಂದು ಅಮ್ಮಾಸಾಹೇಬರು ನಗುತ್ತಿದ್ದರಂತೆ.

ಹೀಗೆ ಬೆಳೆದವನ ನಾಲಿಗೆ ಹೇಗಿದ್ದೀತು? ಊರ ಏಳು ಬಾವಿಗಳ ನೀರನ್ನು ಏಳು ಬಟ್ಟಲಲ್ಲಿಟ್ಟರೆ ಇದು ಇಂಥ ಬಾವಿಯದು ಎನ್ನುತ್ತಿದ್ದ. ಹಾಲು ಬಾಯಿಗಿಟ್ಟು, ಹಸು ಈ ಹೊತ್ತು ಯಾವ ಮೇವು ತಿಂದಿದೆ ಎನ್ನುತ್ತಿದ್ದ. ಬಿಳಿ ರೇಷ್ಮೆ, ತೆಳುವಾದ ಕೇದಗೆ ಅತ್ತರು, ಬೆಳಗಿನ ವೀಣೆ ಅವನಿಗೆ ಇಷ್ಟ. ದುಷ್ಟನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ, ಗಟ್ಟಿಯಾಗಿ ಬೈದವನೂ ಅಲ್ಲ. ರುಚಿ ಕೆಟ್ಟರೆ ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ಸರಿಸುತ್ತಿದ್ದ, ಅಷ್ಟೇ. ಸಂಜೆಯೊಳಗೆ ಅಡುಗೆಯವನೊಬ್ಬ ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಿದ್ದ. ಆಮೇಲೆ ಅವನೇನಾದ ಎಂದು ಧಣಿ ಕೇಳಿದ್ದಿಲ್ಲ. ಇಂಥವರ ಮೇಲೆ ಸಿಟ್ಟು ಮಾಡುವುದೂ ಕಷ್ಟ, ಮಾಡದಿರುವುದೂ ಕಷ್ಟ.

ಅಮ್ಮಾಸಾಹೇಬರು ಕಾಲವಾದ ವರ್ಷ ಅವನ ಬಾಯಿ ಕೆಟ್ಟಿತು. ಅನ್ನ ಕಹಿ, ಹಾಲು ಕಹಿ, ಜೇನೂ ಕಹಿ. ವೈದ್ಯರು ನಾಡಿ ನೋಡಿದರು, ನಾಲಿಗೆ ನೋಡಿದರು, ದೋಷ ಕಾಣಲಿಲ್ಲ. ಮೂರು ತಿಂಗಳಲ್ಲಿ ಅವನ ತೋಳಿನ ಕಡಗ ಮೊಣಕೈಗೆ ಜಾರಿತು. ಇನ್ನೊಂದು ತಿಂಗಳು ಹೀಗೇ ಹೋದರೆ ಧಣಿ ಉಳಿಯುವುದಿಲ್ಲ ಎಂದು ವಾಡೆಯಲ್ಲಿ ಪಿಸುಗುಟ್ಟತೊಡಗಿದರು. ಅಜ್ಜನವರ ಅರವಟ್ಟಿಗೆಯ ನೀರು ಎಂಥವರಿಗೂ ಸಿಹಿಯೆಂದು ಯಾರೋ ಹೇಳಿದಾಗ, ನಂಬಿಕೆಯಿಲ್ಲದಿದ್ದರೂ ಅವನು ಮೇಣೆ ಹತ್ತಿದ. ಅವನ ಬೆಳ್ಳಿ ಬಟ್ಟಲು ಹಿಡಿದು ಹಿಂದೆ ನಡೆದವರು ನಮ್ಮ ಅಜ್ಜಿಯ ಅತ್ತೆ.

ಬಿಸಿಲು ಏರಿತ್ತು. ಅಜ್ಜನವರು ದಂಟಿನ ನೆರಳಲ್ಲಿ ಕುಳಿತಿದ್ದರು. ಹರವಿಯ ಬಳಿ ಗಾಳೆವ್ವ ಎಂಬ ಮುದುಕಿ ಚರಿಗೆ ಬೆಳಗುತ್ತಿದ್ದಳು. ಅಲ್ಲಿಯೇ ನೀರು ಕೊಡುತ್ತಾ ಹದಿನೇಳು ವರ್ಷ ಕಳೆದವಳು. ಮೇಣೆಯಿಂದಿಳಿದವನನ್ನು ನೋಡಿ ಆಕೆಯ ಕೈ ನಿಂತಿತು. ಅವನಿಗೆ ಆಕೆಯ ಗುರುತಿರಲಿಲ್ಲ.

ಆಕೆ ಬಟ್ಟಲಿಗೆ ನೀರು ಎರೆದಳು. ಅವನು ಒಂದು ಗುಟುಕು ಕುಡಿದು ಉಗುಳಿದ.

"ಅಜ್ಜಾರ, ಇದರಾಗ ಬೇವು ಕಲಸೀರೇನು?" ಎಂದ. ದನಿಯಲ್ಲಿ ಕುಹಕವಿತ್ತು.

ಅಜ್ಜನವರು ನಗಲಿಲ್ಲ. "ಬೇವಿನ ರುಚಿ ನಿನಗ ಹೆಂಗ ಗೊತ್ತು ತಮ್ಮಾ? ನಿನ್ನ ತಾಟಿನಾಗ ಅದು ಬಂದಿದ್ದೇ ಇಲ್ಲಲ್ಲ" ಎಂದರು. ಆಮೇಲೆ ಮುದುಕಿಯ ಕಡೆ ತಿರುಗಿ, "ಗಾಳೆವ್ವಾ, ಹೇಳು" ಎಂದರು.

"ಬ್ಯಾಡ ಯಪ್ಪಾ. ಅವರು ಆಗ ಕೂಸು ಇದ್ರು. ಅವರಿಗೇನು ಗೊತ್ತು?"

"ಈಗ ಕೂಸಲ್ಲ. ಹೇಳು."

ಗಾಳೆವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ನೆಲ ನೋಡುತ್ತ ಹೇಳಿದಳು.

"ನಿಮಗ ಐದು ವರ್ಷ ಹಾಲು ಕುಡಿಸಿದಾಕಿ ನಾನು ಧಣ್ಯಾರ. ನನ್ನನ್ನ ವಾಡೇಕ್ಕ ಕರಕೊಂಡು ಹೋದಾಗ ನನ್ನ ಮಗ ಎರಡು ತಿಂಗಳಾಂವ. ಸಂಜಿಮುಂದ ಒಂದೀಟು ಹೊತ್ತು ಮನಿಗೆ ಬಿಡ್ತಿದ್ರು. ಬಿಡೂಕಿಂತ ಮೊದಲ ಎದಿಗೆ ಬೇವು ಅರದು ಹಚ್ಚತಿದ್ರು. ಸಂಸ್ಥಾನದ ಕೂಸಿಗೆ ಎಂಜಲ ಹಾಲು ಆಗಬಾರದಂತ."

ಓದುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷ ತುಂಬಿದ ಮಗುವಿಗೆ ಮೊಲೆ ಬಿಡಿಸಲು ನಮ್ಮಲ್ಲಿ ಬೇವು ಹಚ್ಚುತ್ತಾರೆ. ಮಗು ಮುಖ ಕಿವುಚುತ್ತದೆ, ಎಲ್ಲರೂ ನಗುತ್ತಾರೆ, ರೊಟ್ಟಿಯ ಚೂರು ಕೊಟ್ಟು ಸಮಾಧಾನ ಮಾಡುತ್ತಾರೆ. ಎರಡು ತಿಂಗಳ ಕೂಸಿಗೆ ಕೊಡಲು ಯಾವ ರೊಟ್ಟಿ ಇದೆ? ಆ ಬೇವನ್ನು ದಿನವೂ ಅರೆದವರು ನಮ್ಮ ಅಜ್ಜಿಯ ಅತ್ತೆ. ಗಾಳೆವ್ವ ಇದನ್ನು ಹೇಳುವಾಗ ಅವರು ಬಟ್ಟಲು ಹಿಡಿದು ಅಲ್ಲೇ ನಿಂತಿದ್ದರು. ಆಕೆ ಅವರ ಹೆಸರೆತ್ತಲಿಲ್ಲ, ಅವರ ಕಡೆ ನೋಡಲೂ ಇಲ್ಲ.

"ತೊಳಕೋಬಹುದಿತ್ತಲ್ಲ?" ಎಂದ ದೇಸಾಯಿ. ಅವನ ದನಿ ಇಳಿದಿತ್ತು.

"ಒಂದಿನ ತೊಳಕೊಂಡೆ. ಅವತ್ತೊಂದಿನ ಹೊಟ್ಟಿ ತುಂಬ ಕುಡದ. ತಿರುಗಿ ಬಂದಾಗ ಬೇವು ಇಲ್ಲದ್ದು ನೋಡಿದ್ರು. ಮರುದಿನದಿಂದ ಮನಿಗೆ ಬಿಡಲಿಲ್ಲ. ಗಂಜಿ ತಿಳಿ ಹಾಕಿ ಮನ್ಯಾಗ ನಮ್ಮತ್ತಿ ಹನ್ನೊಂದು ದಿನ ಉಳಿಸಿಕೊಂಡಳು. ಹೋದ ಸುದ್ದಿ ಬಂದಾಗ ನೀವು ನನ್ನ ತೊಡಿಮ್ಯಾಲಿದ್ರಿ. ಅತ್ತರ ಹಾಲು ಬತ್ತತಾವಂತ ಅಳಾಕ ಬಿಡಲಿಲ್ರಿ."

ಬಂಡಿದಾರಿಯಲ್ಲಿ ಯಾರೂ ಇರಲಿಲ್ಲ. ದೇಸಾಯಿ ಆ ಕಡೆಗೆ ಮುಖ ತಿರುಗಿಸಿದ.

"ನನಗ ಗೊತ್ತಿರಲಿಲ್ಲ" ಎಂದ.

"ಗೊತ್ತಾಗಧಂಗ ಸಾಕಿದ್ರು. ಅದಕ್ಕ ಆ ಕೂಸು ಸತ್ತದ್ದು" ಎಂದರು ಅಜ್ಜನವರು.

ಅವನು ಅಜ್ಜನವರ ಕಾಲ ಬಳಿ ಕುಸಿದು, ಈ ಕಹಿ ಹೋಗಲು ಏನು ಮಾಡಲಿ, ದೇವಸ್ಥಾನ ಕಟ್ಟಿಸಲೇ, ಕೆರೆ ತೋಡಿಸಲೇ ಎಂದು ಕೇಳಿದ. ದೊಡ್ಡ ಮನೆಯವರ ಪಶ್ಚಾತ್ತಾಪ ಯಾವಾಗಲೂ ಕಲ್ಲು ಗಾರೆಯ ಕಡೆಗೇ ಓಡುತ್ತದೆ. ಗುರುಗಳು ಬೇಡವೆಂದು ತಲೆಯಾಡಿಸಿದರು.

"ಅದು ಯಾಕ ಹೋಗಬೇಕು? ಅವನ ಪಾಲಿನ ಸಿಹಿ ನೀ ಕುಡದಿ. ನಿನ್ನ ಪಾಲಿನ ಕಹಿ ಅವಾ ಕುಡದ. ಉಳದದ್ದು ಈಗ ನಿನ್ನ ಹತ್ರ ಬಂದೈತಿ. ಉಗುಳಬ್ಯಾಡ, ನುಂಗು."

ದೇಸಾಯಿ ನಮ್ಮ ಅಜ್ಜಿಯ ಅತ್ತೆಯ ಕೈಯಿಂದ ಬಟ್ಟಲನ್ನು ತೆಗೆದುಕೊಂಡ. ಕಣ್ಣಲ್ಲಿ ನೀರು ಬರುವಷ್ಟು ಕಹಿಯಿದ್ದರೂ ಕೊನೆಯ ಹನಿಯವರೆಗೆ ಕುಡಿದ. ಆಮೇಲೆ ಗಾಳೆವ್ವನ ಕಾಲು ಮುಟ್ಟಲು ಬಾಗಿ, "ಅವ್ವಾ" ಎಂದ.

ಗಾಳೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಹಂಗ ಕರೀಬ್ಯಾಡ್ರಿ ಧಣ್ಯಾರ. ಹಂಗ ಕರಿಯಾಂವ ಒಬ್ಬ ಇದ್ದ. ಅವಗ ಮಾತು ಬರೂಕಿಂತ ಮೊದಲ ಹೋದ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದನ್ನೇ ನಮ್ಮ ಅಜ್ಜಿಯ ಅತ್ತೆಗೆ ಸಾಯುವವರೆಗೂ ಮರೆಯಲಾಗಲಿಲ್ಲವಂತೆ.

ಮೇಣೆ ಖಾಲಿಯಾಗಿ ವಾಡೆಗೆ ಮರಳಿತು. ದೇಸಗತಿಯನ್ನು ದಾಯಾದಿಗಳಿಗೆ ಒಪ್ಪಿಸಿ ಸರ್ಜಪ್ಪನವರು ಅರವಟ್ಟಿಗೆಯಲ್ಲೇ ಉಳಿದರು. ಬೆಳಗಾಗುತ್ತಲೇ ಹೆಗಲ ಮೇಲೆ ಕೊಡ ಹೊತ್ತು ತರುತ್ತಿದ್ದರು. ಆರು ಹರವಿ ತುಂಬಲು ಇಪ್ಪತ್ತು ಸಲ ಬಾವಿಗೆ ಹೋಗಿಬರಬೇಕಿತ್ತು. ಅವರು ಮತ್ತೆ ಉಣ್ಣತೊಡಗಿದರು, ಮೈ ಸುಧಾರಿಸಿತು. ಆದರೆ ಬಾಯ ಕಹಿ ಹೋಗಲಿಲ್ಲ. ಹೋಗಲೆಂದು ಅವರು ಬೇಡಲೂ ಇಲ್ಲ. ಏಳು ಬಾವಿಯ ನೀರನ್ನು ಬಾಯಲ್ಲಿಟ್ಟೇ ಹೇಳುತ್ತಿದ್ದವರು ಈಗ ತಾವು ತಂದ ನೀರು ಹೇಗಿದೆಯೆಂದು ತಿಳಿಯದೆ, ದಾರಿಹೋಕರು ಕುಡಿದು ಬಾಯಿ ಒರೆಸಿಕೊಳ್ಳುವಾಗ, "ಸಿಹಿ ಐತೇನ್ರಿ?" ಎಂದು ಕೇಳುತ್ತಿದ್ದರು. ಬಂಡಿಯವರಿಗೆ ಅದು ತಮಾಷೆ. "ನೀರು ಇನ್ನೇನು ಖಾರ ಇರತೈತೇನ್ರಿ ಧಣಿ?" ಎಂದು ನಗುತ್ತಿದ್ದರು.

ಒಂಬತ್ತು ವರ್ಷದ ಮೇಲೆ ಗಾಳೆವ್ವ ಹಾಸಿಗೆ ಹಿಡಿದಳು. ಕೊನೆಯ ದಿನ ನೀರು ಕೇಳಿದಾಗ ಸರ್ಜಪ್ಪನವರು ಆಗಷ್ಟೇ ಸೇದಿ ತಂದ ನೀರನ್ನು ಆಕೆಯ ಬಾಯಿಗೆ ಹಿಡಿದರು. ಅಜ್ಜನವರು ತಲೆದಿಂಬಿನ ಬಳಿ ಕುಳಿತಿದ್ದರು. ಆಕೆ ಎರಡು ಗುಟುಕು ಕುಡಿದಳು.

"ಸಿಹಿ ಐತೇನು?" ಎಂದು ಕೇಳಿದರು ಸರ್ಜಪ್ಪನವರು. ಅವರು ಎದುರು ನೋಡುತ್ತಿದ್ದುದು ನೀರಿನ ಮಾತನ್ನಲ್ಲ ಎಂದು ಅಜ್ಜನವರಿಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಗಾಳೆವ್ವ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಸಿಹಿ ಐತ್ರಿ, ಧಣ್ಯಾರ" ಎಂದಳು.

ಮಗನೇ ಎಂಬ ಮಾತು ಬರಲಿಲ್ಲ. ಗುರುಗಳು ಅದನ್ನು ಹೇಳಿಸಲೂ ಇಲ್ಲ, ಕೊಡಲು ಆಗದ್ದನ್ನು ಕೊಡು ಎಂದು ಯಾರನ್ನೂ ಕೇಳುವ ಪೈಕಿ ಅವರಲ್ಲ. ಸರ್ಜಪ್ಪನವರು ಚರಿಗೆಯಲ್ಲಿ ಉಳಿದ ನೀರನ್ನು ತಾವೇ ಕುಡಿದು ಕೆಳಗಿಟ್ಟರು. ಹೊರಗೆ ಬಂಡಿಗಳು ಬಂದು ನಿಂತ ಸಪ್ಪಳ ಕೇಳಿಸಿತು. ಅವರು ಎದ್ದು, ಅಜ್ಜನವರಿಗೆ ಕೈಮುಗಿದು, ನೀರು ಕೊಡಲು ಹೋದರು.